ಡಿಜಿಟಲ್ ಚಿತ್ರದಲ್ಲಿ ಕೈಯಿಂದ ಬಳಿದ ಬಣ್ಣದ ಗುಣ ತರುವುದು ಹೇಗೆ?

ನಿಮ್ಮ ಪ್ರಶ್ನೆ ಹೀಗಿದೆ: ಟ್ಯಾಬ್ಲೆಟ್‌ನಲ್ಲಿ ಬಿಡಿಸಿದ್ದು ಎಷ್ಟು ತಿದ್ದಿದರೂ ಪ್ಲಾಸ್ಟಿಕ್ ಥರ ನುಣುಪಾಗಿ ಕಾಣುತ್ತದೆ, ಆಯಿಲ್ ಪೇಂಟಿಂಗ್ ಅಥವಾ ವಾಟರ್ ಕಲರ್ ಹಾಗೆ ಕಾಣಬೇಕಾದರೆ ಯಾವ ಬ್ರಷ್ ಪ್ಯಾಕ್ ಕೊಳ್ಳಲಿ?

ಸದ್ಯಕ್ಕೆ ಯಾವುದೂ ಬೇಡ. ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯವನು. ಪುಸ್ತಕದ ಮುಖಪುಟ, ಮಕ್ಕಳ ಕಥೆಗಳಿಗೆ ಚಿತ್ರ, ಇಂಥ ಕೆಲಸ ಮಾಡುತ್ತೇನೆ, ಹೆಚ್ಚಿನದೆಲ್ಲ ಸ್ಕ್ರೀನ್ ಮೇಲೆಯೇ. ನಾನು ಕಂಡುಕೊಂಡದ್ದು ಇಷ್ಟು. ನಿಜವಾದ ಬಣ್ಣ ಕೆಲವು ವಿಷಯಗಳಲ್ಲಿ ನಮ್ಮ ಮಾತು ಕೇಳುವುದಿಲ್ಲ. ಕಾಗದ ಒದ್ದೆ ಇದ್ದರೆ ಗೆರೆ ನಿಲ್ಲುವುದಿಲ್ಲ, ವಾಟರ್ ಕಲರ್‌ನಲ್ಲಿ ಒಮ್ಮೆ ಗಾಢವಾದ ಜಾಗ ಮತ್ತೆ ಕಾಗದದ ಬಿಳಿಗೆ ಬರುವುದಿಲ್ಲ, ಎಣ್ಣೆ ಬಣ್ಣ ಒಣಗುವವರೆಗೆ ಕಾಯಲೇಬೇಕು. ಈ ಅಡ್ಡಿಗಳ ನಡುವೆ ಚಿತ್ರಕಾರ ಮಾಡಿದ ತೀರ್ಮಾನಗಳೇ ನಮ್ಮ ಕಣ್ಣಿಗೆ ಪೇಂಟಿಂಗ್ ಅಂತ ಕಾಣುವುದು. ಕಂಪ್ಯೂಟರ್‌ನಲ್ಲಿ ಅಡ್ಡಿಗಳೇ ಇಲ್ಲ, ಹಾಗಾಗಿ ನಾವೇ ಹಾಕಿಕೊಳ್ಳಬೇಕು. ಬ್ರಷ್ ಪ್ಯಾಕ್ ಆ ಕೆಲಸ ಮಾಡಿಕೊಡುವುದಿಲ್ಲ.

ಮೊದಲು ಬಣ್ಣದ ವಿಷಯ, ಯಾಕೆಂದರೆ ಪ್ಲಾಸ್ಟಿಕ್ ಕಳೆ ಜಾಸ್ತಿ ಬರುವುದು ಇಲ್ಲಿಂದಲೇ. ಸಾಮಾನ್ಯ ಆ್ಯಪ್‌ನಲ್ಲಿ ಅಚ್ಚ ನೀಲಿ ಮತ್ತು ಅಚ್ಚ ಹಳದಿಯನ್ನು ಅರ್ಧರ್ಧ ಬೆರೆಸಿ ನೋಡಿ. ಬರುವುದು ಬೂದು. ಕೆಂಪು, ಹಸಿರು, ನೀಲಿ ಅಂಕಿಗಳ ಸರಾಸರಿ ತೆಗೆದರೆ 0, 0, 255 ಮತ್ತು 255, 255, 0 ಸೇರಿ ಮೂರೂ ಕಡೆ ಸುಮಾರು 128 ಆಗುತ್ತದೆ, ಅದು ಬೂದು. ಟ್ಯೂಬಿನ ಬಣ್ಣದಲ್ಲಾದರೆ ಹಸಿರು ಬರುತ್ತದೆ: ನೀಲಿ ಪುಡಿ ಬೆಳಕಿನ ಒಂದು ಪಾಲು ನುಂಗುತ್ತದೆ, ಹಳದಿ ಪುಡಿ ಇನ್ನೊಂದು ಪಾಲು ನುಂಗುತ್ತದೆ, ಎರಡೂ ಬಿಟ್ಟುಕೊಟ್ಟದ್ದು ಹಸಿರು ಮಾತ್ರ. ಈ ಲೆಕ್ಕವನ್ನು ಕುಬೆಲ್ಕಾ ಮತ್ತು ಮುಂಕ್ ಎಂಬಿಬ್ಬರು 1931ರಲ್ಲೇ ಬರೆದಿಟ್ಟಿದ್ದರು. ಅದರ ಆಧಾರದಲ್ಲಿ 2021ರಲ್ಲಿ ಮಿಕ್ಸ್‌ಬಾಕ್ಸ್ ಎಂಬ ವಿಧಾನ ಬಂತು, ರೆಬೆಲ್ ಎನ್ನುವ ಸಾಫ್ಟ್‌ವೇರಿನ ಪ್ರೊ ಆವೃತ್ತಿಯಲ್ಲಿ ಅದು ಇದೆ. ನಿಮ್ಮ ಆ್ಯಪ್‌ನಲ್ಲಿ ಇಂಥದ್ದು ಇಲ್ಲದಿದ್ದರೂ ದಾರಿ ಇದೆ. ಸಾಧಾರಣ ವಾಟರ್ ಕಲರ್ ಡಬ್ಬಿಯೊಂದನ್ನು ತಂದು, ನಾಲ್ಕೈದು ಬಣ್ಣಗಳನ್ನು ಎರಡೆರಡಾಗಿ ಕಾಗದದ ಮೇಲೆ ಬೆರೆಸಿ, ಹಗಲು ಬೆಳಕಲ್ಲಿ ಫೋಟೋ ತೆಗೆದು, ಅದನ್ನೇ ಕ್ಯಾನ್ವಾಸ್ ಪಕ್ಕ ಇಟ್ಟುಕೊಳ್ಳಿ. ಬಣ್ಣವನ್ನು ಅದರಿಂದಲೇ ಎತ್ತಿಕೊಳ್ಳಿ. ಆ್ಯಪ್ ಒಳಗಿನ ಬಣ್ಣ ಆರಿಸುವ ಚಕ್ರ, ಅಂದರೆ ಕಲರ್ ವೀಲ್, ಮುಟ್ಟಬೇಡಿ.

ನಮ್ಮ ಊರಿನವರು ಚಿತ್ರ ಬಿಡಿಸುವಾಗ ಸಿಕ್ಕಿಬೀಳುವುದು ಹಸಿರಿನಲ್ಲಿ. ಜೂನ್ ಕಳೆದ ಮೇಲೆ ಇಲ್ಲಿ ಅಡಕೆ ತೋಟ, ಗುಡ್ಡ, ಗೋಡೆಯ ಪಾಚಿ ಎಲ್ಲವೂ ಹಸಿರೇ ಅಲ್ವಾ, ವೀಲ್‌ನಿಂದ ಒಂದು ಹಸಿರು ಆರಿಸಿ ಬಳಿದರೆ ಇಡೀ ಚಿತ್ರ ಆಟಿಕೆಯ ಹಾಗೆ ಆಗುತ್ತದೆ. ಕೇರಳದ ಹಳೆಯ ಭಿತ್ತಿಚಿತ್ರಗಳಲ್ಲಿ ಹಸಿರು ಅಂತ ಬೇರೆ ಬಣ್ಣವನ್ನು ತರುತ್ತಿರಲಿಲ್ಲ. ನೀಲಿ ಗಿಡದ ಎಲೆಯ ರಸಕ್ಕೆ ಪುನರ್ಪುಳಿಯ ಜಾತಿಯದೇ ಒಂದು ಮರದ ಹಳದಿ ಅಂಟನ್ನು ಸೇರಿಸಿ ಹಸಿರು ಮಾಡುತ್ತಿದ್ದರು. ಕೆಂಪು, ಹಳದಿ ಎರಡೂ ನಮ್ಮ ಮುರಕಲ್ಲಿನಂಥ ಮಣ್ಣುಕಲ್ಲಿನಿಂದಲೇ, ಕಪ್ಪು ದೀಪದ ಮಸಿಯಿಂದ, ಬಿಳಿ ಅಂದರೆ ಸುಣ್ಣದ ಗೋಡೆ. ಇಷ್ಟರಲ್ಲೇ ದೇವರು, ರಾಕ್ಷಸರು, ಕಾಡು, ನೀರು ಎಲ್ಲ ಆಗಿಹೋಗುತ್ತಿತ್ತು. ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನದಲ್ಲಿ ಹಳೆಯ ಭಿತ್ತಿಚಿತ್ರಗಳಿವೆ, ಈ ಕಡೆ ಬಂದರೆ ನಿಂತು ನೋಡಿ. ಬಳಿಯುವ ಕ್ರಮವನ್ನೂ ಗಮನಿಸಬೇಕು: ಮೊದಲು ಹಳದಿ, ಆಮೇಲೆ ಕೆಂಪು, ಹಸಿರು, ಕಪ್ಪು ಗೆರೆ ಕಟ್ಟಕಡೆಗೆ. ಕ್ರಮ ಮೊದಲೇ ನಿಗದಿಯಾಗಿದ್ದರಿಂದ ಒಂದು ಬಣ್ಣ ಹಾಕುವಾಗಲೇ ಮುಂದಿನ ಬಣ್ಣಕ್ಕೆ ಜಾಗ ಬಿಟ್ಟಿರಬೇಕಿತ್ತು.

ಇದೇ ನಿಯಮವನ್ನು ಸ್ಕ್ರೀನ್ ಮೇಲೆ ಹಾಕಿಕೊಳ್ಳಿ. ಐದೇ ಬಣ್ಣ, ನಿಗದಿತ ಕ್ರಮ. ಆಯಿಲ್ ಪೇಂಟಿಂಗ್ ಕಡೆಗೆ ಒಲವಿದ್ದರೆ ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಹೆಸರಲ್ಲಿ ಕರೆಯುವ ನಾಲ್ಕು ಬಣ್ಣಗಳ ಪ್ಯಾಲೆಟ್ ತೆಗೆದುಕೊಳ್ಳಿ: ಹಳದಿ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ ಕೆಂಪು, ಕಪ್ಪು, ಬಿಳಿ. ಇದರಲ್ಲಿ ನೀಲಿಯೇ ಇಲ್ಲ. ಕಪ್ಪು ಮತ್ತು ಓಕರ್ ಸೇರಿದಾಗ ಬರುವ ಮಂಕು ಹಸಿರು, ನಾನು ನೋಡಿದಂತೆ, ಮಳೆ ಹಿಡಿದ ದಿನದ ತೋಟಕ್ಕೆ ವೀಲ್‌ನ ಯಾವ ಹಸಿರಿಗಿಂತಲೂ ಚೆನ್ನಾಗಿ ಹೊಂದುತ್ತದೆ.

ಇನ್ನು ಅಂಚುಗಳು. ಡಿಜಿಟಲ್‌ನಲ್ಲಿ ಪ್ರತಿ ವಸ್ತುವನ್ನೂ ಬೇರೆ ಬೇರೆ ಲೇಯರ್‌ನಲ್ಲಿ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ) ಇಡುವ ಅಭ್ಯಾಸದಿಂದ ಎಲ್ಲ ಅಂಚೂ ಒಂದೇ ಥರ ಚೂಪಾಗಿ ಉಳಿಯುತ್ತವೆ. ಅದನ್ನು ಮೆತ್ತಗೆ ಮಾಡಲು ಹೊರಟು ಬಣ್ಣ ತೀಡುವ ಸ್ಮಜ್ ಟೂಲ್ ಹಿಡಿದು ಉಜ್ಜಿದರೆ ಎಲ್ಲವೂ ಒಂದೇ ಥರ ಮಸುಕಾಗುತ್ತವೆ. ಎರಡೂ ಬೇಡ. ಬೇಕಲ ಕೋಟೆಯ ಬುರುಜನ್ನು ಸಂಜೆ ನಾಲ್ಕರ ಹೊತ್ತಿಗೆ ನೋಡಿದರೆ ಬಿಸಿಲು ಬಿದ್ದ ಕಡೆ ಕಲ್ಲಿಗೂ ಆಕಾಶಕ್ಕೂ ನಡುವೆ ಗೆರೆ ಎಳೆದ ಹಾಗಿರುತ್ತದೆ, ನೆರಳಿನ ಕಡೆ ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಅಂತ ಹೇಳಲಿಕ್ಕೆ ಆಗುವುದಿಲ್ಲ. ಕಣ್ಣು ಅರ್ಧ ಮುಚ್ಚಿ ನೋಡಿ. ಎಲ್ಲಿ ಎರಡು ವಸ್ತುಗಳ ಗಾಢತೆ ಒಂದೇ ಆಗುತ್ತದೋ ಅಲ್ಲಿ ಅಂಚನ್ನು ಧೈರ್ಯವಾಗಿ ಕಳೆದುಬಿಡಿ.

ವಾಟರ್ ಕಲರ್‌ನ ಅಂಚಿಗೆ ಇನ್ನೊಂದು ಗುಣ ಇದೆ. ಒಣಗುವಾಗ ನೀರು ಅಂಚಿನ ಕಡೆಗೆ ಹರಿಯುತ್ತದೆ, ಬಣ್ಣದ ಪುಡಿಯನ್ನೂ ಎಳೆದುಕೊಂಡು ಹೋಗುತ್ತದೆ, ಅದಕ್ಕೇ ಕಲೆಯ ಸುತ್ತ ಗಾಢವಾದ ಗೆರೆ ಕಾಣುವುದು. ಹಲವು ಆ್ಯಪ್‌ಗಳಲ್ಲಿ ಇದಕ್ಕೆ ವೆಟ್ ಎಡ್ಜ್ ಅಂತ ಸೆಟ್ಟಿಂಗ್ ಇದೆ. ಆದರೆ ಒದ್ದೆ ಜಾಗದ ಮೇಲೆ ಬಿದ್ದ ಬಣ್ಣಕ್ಕೆ ಆ ಗೆರೆ ಬರುವುದಿಲ್ಲ, ಅದು ಸುಮ್ನೆ ಹರಡಿಕೊಳ್ಳುತ್ತದೆ. ಸೆಟ್ಟಿಂಗ್ ಹಾಕಿ ಇಡೀ ಚಿತ್ರಕ್ಕೆ ಗೆರೆ ಬರಿಸಿದರೆ ಅದು ನಕಲಿ ಅಂತ ತಕ್ಷಣ ಗೊತ್ತಾಗುತ್ತದೆ. ಈ ಒಂದು ಕಾರಣಕ್ಕಾದರೂ ಕಾಗದದ ಮೇಲೆ ಬಣ್ಣ ಹಾಕಿ ಅಭ್ಯಾಸ ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಗಾಳಿಯಲ್ಲೇ ನೀರಿರುತ್ತದೆ, ಒಂದು ವಾಷ್ (ನೀರು ಬೆರೆಸಿದ ತೆಳು ಬಣ್ಣ) ಹಾಕಿ ಊಟ ಮಾಡಿ ಬಂದರೂ ಹಸಿ ಇರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ, ಹಸಿಯಾದ ಬಣ್ಣ ಏನೇನು ಮಾಡುತ್ತದೆ ಅಂತ ನಿಧಾನಕ್ಕೆ ನೋಡಬಹುದು. ತೆಳು ಕಾಗದ ಮುದುಡುತ್ತದೆ, ದಪ್ಪದ್ದು, 300 ಜಿಎಸ್‌ಎಂ ತೆಗೆದುಕೊಳ್ಳಿ.

ಸ್ಟೈಲಸ್, ಅಂದರೆ ಟ್ಯಾಬ್ಲೆಟ್ ಪೆನ್ನಿನ ವಿಷಯದಲ್ಲಿ ಒಂದೇ ಮಾತು, ಆದರೆ ತುಂಬಾ ಉಪಯೋಗದ್ದು. ಹೆಚ್ಚಿನ ಬ್ರಷ್‌ಗಳಲ್ಲಿ ಒತ್ತಿದಷ್ಟೂ ಗೆರೆ ದಪ್ಪವಾಗುವ ಹಾಗೆ ಇಟ್ಟಿರುತ್ತಾರೆ. ಅದು ಶಾಯಿ ಪೆನ್ನಿನ ಗುಣ. ಎಣ್ಣೆ ಬಣ್ಣದ ಚಪ್ಪಟೆ ಬ್ರಷ್ ಒತ್ತಿದರೆ ಅಗಲ ಅಷ್ಟಾಗಿ ಬದಲಾಗುವುದಿಲ್ಲ, ಬೀಳುವ ಬಣ್ಣ ಬದಲಾಗುತ್ತದೆ. ಅದಕ್ಕೆ ಅಗಲವನ್ನು ಒತ್ತಡದಿಂದ ಬಿಡಿಸಿ, ಒಪಾಸಿಟಿಯನ್ನು (ಬಣ್ಣ ಎಷ್ಟು ಮುಚ್ಚುತ್ತದೆ ಅನ್ನುವುದನ್ನು) ಮಾತ್ರ ಒತ್ತಡಕ್ಕೆ ಜೋಡಿಸಿ. ಬ್ರಷ್ ದೊಡ್ಡದಿರಲಿ, ಝೂಮ್ ಬೇಡ.

ಕಡೆಗೆ ಇಡೀ ಚಿತ್ರದ ಮೇಲೆ ಕ್ಯಾನ್ವಾಸ್ ಟೆಕ್ಸ್ಚರ್ ಹೊದಿಸುವುದನ್ನು ತುಂಬಾ ಜನ ಮಾಡುತ್ತಾರೆ. ನನಗೆ ಅದು ಸ್ವಲ್ಪವೂ ಸರಿಕಾಣುವುದಿಲ್ಲ. ಒಣ ಬ್ರಷ್ ಎಳೆದರೆ ಬಣ್ಣ ಕಾಗದದ ಉಬ್ಬಿನ ಮೇಲೆ ಮಾತ್ರ ಕೂರುತ್ತದೆ, ನೀರು ಜಾಸ್ತಿ ಇದ್ದರೆ ತಗ್ಗಿಗೂ ಇಳಿಯುತ್ತದೆ. ಅಂದರೆ ಟೆಕ್ಸ್ಚರ್ ಕಾಣುವುದು, ಕಾಣದಿರುವುದು ಪ್ರತಿ ಎಳೆತಕ್ಕೂ ಬೇರೆ. ಅದು ಬ್ರಷ್ ಒಳಗೇ ಇರಬೇಕು. ದಪ್ಪ ಬಣ್ಣಕ್ಕೂ ಇದೇ ಮಾತು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಕ್ಕೆ ಮುಖದ ಮೇಲೆ ಅಕ್ಕಿ ಹಿಟ್ಟು, ಸುಣ್ಣದ ಉಬ್ಬು ಚುಕ್ಕೆಗಳನ್ನು, ಅಂದರೆ ಚಿಟ್ಟಿ ಇಡುವುದನ್ನು ನೋಡಿದ್ದೀರಾ? ಅದು ಎದ್ದು ಕಾಣುವುದು ಪಕ್ಕದ ಬಣ್ಣ ತೆಳುವಾಗಿ ಇರುವುದರಿಂದ. ಹಳೆಯ ಆಯಿಲ್ ಪೇಂಟಿಂಗ್‌ಗಳಲ್ಲೂ ನೆರಳು ತೆಳು, ಬೆಳಕು ದಪ್ಪ. ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ರವಿವರ್ಮನ ಮೂಲ ಚಿತ್ರಗಳಿವೆ, ಸಾಧ್ಯವಾದರೆ ಹೋಗಿ ಎದುರಿನಿಂದ ಅಲ್ಲದೆ ಬದಿಯಿಂದಲೂ ನೋಡಿ. ಕ್ಯಾಲೆಂಡರಿನಲ್ಲಿ ಈ ದಪ್ಪ ಕಾಣಲಿಕ್ಕೆ ಸಾಧ್ಯವೇ ಇಲ್ಲ.

ನಾನು ಲೇಯರ್ ತುಂಬಾ ಕಡಿಮೆ ಇಡುತ್ತೇನೆ. ಕೆಳಗೆ ಓಕರ್ ಅಥವಾ ಕಂದು ಬಣ್ಣದ ನೆಲ, ಅದರ ಮೇಲೆ ಚಿತ್ರ. ನೆಲದ ಬಣ್ಣ ಅಲ್ಲಲ್ಲಿ ಇಣುಕುತ್ತಿರಲಿ, ಪೂರ್ತಿ ಮುಚ್ಚಬೇಡಿ. ಬಿದ್ದ ಎಳೆತ ಹಿಡಿಸದಿದ್ದರೆ ಅನ್‌ಡೂ ಒತ್ತುವ ಬದಲು ಅದರ ಮೇಲೇ ಇನ್ನೊಂದು ಎಳೆಯಿರಿ. ಕೆಳಗಿನದು ಅಂಚಿನಲ್ಲಿ ಚೂರು ಉಳಿಯುತ್ತದೆ, ಆ ಚೂರೇ ಚಿತ್ರಕ್ಕೆ ಮೈ ಕೊಡುತ್ತದೆ.

ಇನ್ನು ಸಾಫ್ಟ್‌ವೇರ್ ಬಗ್ಗೆ: ಕ್ರಿತಾ ಉಚಿತ, ಅದರ ಜೊತೆ ಬರುವ ಬ್ರಷ್‌ಗಳಲ್ಲಿ ಒರಟು ಕೂದಲಿನದು ಒಂದು, ಬಣ್ಣ ಬೆರೆಸುವ ಸ್ಮಜ್ ಥರದ್ದು ಒಂದು, ಎರಡೇ ಸಾಕು. ಐಪ್ಯಾಡ್ ಇದ್ದರೆ ಪ್ರೊಕ್ರಿಯೇಟ್‌ನಲ್ಲೂ ಹೀಗೇ ಎರಡು ಆರಿಸಿಕೊಳ್ಳಿ. ಮೊದಲ ಚಿತ್ರ ಮುಗಿದ ಮೇಲೆ ಮ್ಯಾಟ್ ಕಾಗದದಲ್ಲಿ ಎ4 ಪ್ರಿಂಟ್ ತೆಗೆಸಿ. ಸ್ಕ್ರೀನ್ ಮೇಲೆ ಹೊಳೆಯುವ ಎಷ್ಟೋ ಹಸಿರು, ನೀಲಿಗಳು ಪ್ರಿಂಟರಿನ ಶಾಯಿಗೆ ಸಿಗುವುದಿಲ್ಲ. ಯಾವ ಜಾಗ ತೀರಾ ಮಂಕಾಗಿ ಬಂದಿದೆಯೋ ಅಲ್ಲಿ ವೀಲ್‌ನ ಬಣ್ಣ ನುಸುಳಿದೆ ಅಂತ ತಿಳಿದು, ಆ ಭಾಗವನ್ನು ಮತ್ತೆ ನಿಮ್ಮ ನಾಲ್ಕೈದು ಬಣ್ಣಗಳಿಂದಲೇ ಬಳಿಯಿರಿ.