ಒಂದು ದೇಶದ ಹಂದಿ ಮಾಂಸದ ಸಪ್ಲೈ ಯಾವುದರ ಮೇಲೆ ನಿಂತಿರುತ್ತೆ, ದುಡ್ಡೋ ಬಿಸಿಲೋ?

ಚೀನಾದಲ್ಲಿ ಹಂದಿ ಮಾಂಸದ ರೇಟು ಒಂದ್ಸಲ ಆಕಾಶಕ್ಕೆ ಹೋಗುತ್ತೆ ಇನ್ನೊಂದ್ಸಲ ಕೇಳೋರೇ ಇರಲ್ಲ, ಇದಕ್ಕೆ ಹವಾಮಾನ ಕಾರಣನಾ ಮಾರ್ಕೆಟ್ಟಾ ಅಂತ ಕೇಳಿದೀರ. ನಾನು ಎಕನಾಮಿಕ್ಸ್ ಓದಿದೋನಲ್ಲ, ಮುಳಬಾಗಿಲು ಹತ್ರ ಹನ್ನೆರಡು ತಾಯಿ ಹಂದಿ ಸಾಕ್ಕೊಂಡಿದೀನಿ, ಶೆಡ್ಡಲ್ಲಿ ಕಂಡಿದ್ದು ಹೇಳ್ತೀನಿ.

ಹಂದಿ ಗಬ್ಬ ನಿಂತ 114 ದಿನಕ್ಕೆ ಮರಿ ಹಾಕುತ್ತೆ, ಮೂರು ತಿಂಗಳು ಮೂರು ವಾರ ಮೂರು ದಿನ ಅಂತ ನಮ್ಗೆಲ್ಲ ಬಾಯಿಪಾಠ. ಆ ಮರಿ ಕಟಿಂಗಿಗೆ ಬರೋಕೆ ಇನ್ನೂ ಏಳೆಂಟು ತಿಂಗಳು. ಅಂದ್ರೆ ಇವತ್ತು ರೇಟ್ ಚೆನ್ನಾಗಿದೆ ಅಂತ ಹೆಣ್ಣು ಮರಿ ಮಾರದೆ ಉಳಿಸ್ಕೊಂಡ್ರೆ ಅದರ ಮರಿ ಮಾಂಸ ಆಗೋದು ವರ್ಷ ಕಳೆದ ಮೇಲೆ, ಅಷ್ಟೊತ್ತಿಗೆ ಪಕ್ಕದೂರಿನೋರೂ ಅದನ್ನೇ ಮಾಡಿರ್ತಾರೆ, ಎಲ್ಲರ ಮಾಲೂ ಒಟ್ಟಿಗೆ ಬಂದು ರೇಟ್ ಬಿದ್ದೋಗುತ್ತೆ. ಕೋಲಾರದೋರಿಗೆ ಟೊಮೆಟೊದಲ್ಲಿ ಇದು ಗೊತ್ತಿರೋದೇ, ಆದ್ರೆ ಟೊಮೆಟೊನ ರಸ್ತೆಗೆ ಸುರಿದು ಮನೆಗೆ ಬರಬಹುದು, ಹಂದಿ ರೇಟ್ ಇಲ್ದಿದ್ರೂ ಎರಡು ಹೊತ್ತು ತಿನ್ನುತ್ತೆ. ಚೀನಾದಲ್ಲೂ ಆಗಿದ್ದು ಅದೇ: 2018ರ ಆಗಸ್ಟಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸ್ಕೊಂಡು 2019ಕ್ಕೆ ಮಾಂಸ ಐದರಲ್ಲಿ ಒಂದು ಪಾಲು ಕಮ್ಮಿ ಆಯ್ತು, ರೇಟ್ ಡಬಲ್ ಆಯ್ತು, ಎಲ್ರೂ ಫಾರ್ಮ್ ಕಟ್ಟಿದ್ರು, 2021ಕ್ಕೆ ಕುಸೀತು.

ಇನ್ನು ಖರ್ಚು. ನೂರು ರೂಪಾಯಲ್ಲಿ ಅರವತ್ತು ಎಪ್ಪತ್ತು ಮೇವಿಗೇ ಹೋಗುತ್ತೆ, ಮುಸುಕಿನ ಜೋಳ, ಸೋಯಾ ಹಿಂಡಿ. 2012ರಲ್ಲಿ ಅಮೆರಿಕದಲ್ಲಿ ಬರ ಬಿದ್ದಾಗ ಪ್ರಪಂಚಕ್ಕೆಲ್ಲ ಜೋಳದ ರೇಟ್ ಏರ್ತು. ನಮ್ಮಲ್ಲಿ ಈಗ ಎಥನಾಲ್ ಫ್ಯಾಕ್ಟರಿಯೋರೂ ಅದೇ ಜೋಳಕ್ಕೆ ಬಂದು ನಿಂತಿದಾರೆ.

ಬಿಸಿಲಿನ ವಿಷ್ಯ ಬೇರೆ. ಹಂದಿಗೆ ಬೆವರು ಬರಲ್ಲ. ಏಪ್ರಿಲ್ ಮಧ್ಯಾಹ್ನ ನಮ್ ಶೆಡ್ಡಿಗೆ ಬನ್ನಿ, ಒದ್ದೆ ಸಿಮೆಂಟ್ ಮೇಲೆ ಹೊಟ್ಟೆ ಒತ್ಕೊಂಡು ಬಾಯಿ ತೆರ್ಕೊಂಡು ಮಲಗಿರ್ತವೆ, ತೊಟ್ಟೀಲಿ ಹಾಕಿದ್ದು ಹಾಗೇ ಹುಳಿ ಬಂದಿರುತ್ತೆ, ತಿನ್ನದಿದ್ರೆ ಹಾಲೂ ಇಲ್ಲ, ಮರಿ ಸೊರಗುತ್ತೆ. ಶೀಟಿನ ಮೇಲೆ ಗೋಣಿಚೀಲ ಹಾಸಿ ನೀರು ಬಿಡ್ತೀನಿ, ಆ ನೀರು 1200 ಅಡಿ ಬೋರಿಂದ ಬರ್ಬೇಕು. ಗಂಡಿನ ಬೀಜಾನೂ ಸೆಕೆಗೆ ಕೆಡುತ್ತೆ. ಒಂದ್ಸಲ ಬೇಸಿಗೇಲಿ ಕ್ರಾಸ್ ಮಾಡಿಸಿದ ಆರರಲ್ಲಿ ಮೂರು ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದ್ವು. ಆಗಸ್ಟಲ್ಲಿ ಆ ಮೂರರ ಮರಿ ಇಲ್ಲ, ಮುಂದಿನ ಯುಗಾದಿ ಹೊತ್ತಿಗೆ ಮಾಂಸಾನೂ ಇಲ್ಲ, ಅವತ್ತು ರೇಟ್ ಏರಿದ್ರೆ ಹೋದ್ ವರ್ಷದ ಬಿಸಿಲು ಯಾರಿಗೆ ನೆನಪಿರುತ್ತೆ ಹೇಳಿ.

ರೋಗಾನೂ ದುಡ್ಡಿಗೇ ಅಂಟ್ಕೊಂಡಿದೆ. ಜೋಳ ದುಬಾರಿ ಆದಾಗ ನಾವು ಹೋಟೆಲ್ ಮುಸುರೆಗೆ ಹೋಗ್ತೀವಿ, ಅದ್ರಲ್ಲಿ ಹಂದಿ ಮಾಂಸದ ಚೂರಿದ್ರೆ ಆ ಆಫ್ರಿಕನ್ ಹಂದಿ ಜ್ವರ ಅದರ ಜೊತೆಗೇ ಬರಬಹುದು. ಮನುಷ್ಯರಿಗೆ ಅದು ಅಂಟಲ್ಲ, ಆದ್ರೆ ಒಂದು ಶೆಡ್ಡಿಗೆ ಬಂದ್ರೆ ಸುತ್ತ ಒಂದು ಕಿಲೋಮೀಟರ್ ಹಂದಿ ಎಲ್ಲ ಕೊಲ್ಲಬೇಕು. ನಮ್ ದೇಶಕ್ಕೆ ಅದು ಬಂದಿದ್ದು 2020ರಲ್ಲಿ, ಅಸ್ಸಾಂ ಅರುಣಾಚಲ ಕಡೆ. ಅದಕ್ಕೂ ಮುಂಚೆನೇ 2019ರ ಜಾನುವಾರು ಗಣತೀಲಿ ಹಂದಿ ಸುಮಾರು 90 ಲಕ್ಷಕ್ಕೆ ಇಳಿದಿತ್ತು, 2012ಕ್ಕಿಂತ ನೂರಕ್ಕೆ ಹನ್ನೆರಡು ಕಮ್ಮಿ.

ನಾನು ಮುಸುರೆ ಈಗ್ಲೂ ತರ್ತೀನಿ, ವೆಜ್ ಹೋಟೆಲಿಂದು ಮಾತ್ರ, ಅದನ್ನೂ ಹಂಡೇಲಿ ಕುದಿಸಿ ಆರಿಸಿ ಹಾಕ್ತೀನಿ. ಸೌದೆ ಖರ್ಚು ಸೇರಿಸಿದ್ರೆ ಜೋಳಕ್ಕಿಂತ ಅಂಥಾ ಅಗ್ಗ ಏನೂ ಬೀಳಲ್ಲ.