ಕಾಸರಗೋಡು ಜಿಲ್ಲೆಯ ಪೆರ್ಲ ಹತ್ತಿರದ ಹಳೇ ಮನೆಯಲ್ಲಿ ಊರಿನ ಊಟ, ಬುಟ್ಟಿ, ಯಕ್ಷಗಾನ ಎಲ್ಲಾ ಒಂದೇ ಕಡೆ ಸಿಗುವ ಹೋಮ್‌ಸ್ಟೇ ಮಾಡಬಹುದಾ?

ಹೋಮ್‌ಸ್ಟೇ ಮಾಡಿ. ಆದರೆ ಎಲ್ಲವನ್ನೂ ಒಂದೇ ಅಂಗಳಕ್ಕೆ ತರಬೇಡಿ.

ಕಾಟೇಜ್ ನಾಲ್ಕು ಸಾಕಾ ಆರು ಬೇಕಾ ಅಂತ ಕೇಳಿದ್ದೀರಿ, ಅದಕ್ಕೆ ಆಮೇಲೆ ಬರ್ತೇನೆ. ಅಂಗಳದ ವಿಷಯ ಮೊದಲು ಹೇಳಬೇಕು. ಯಾಕಂದ್ರೆ ನೀವು ಬರೆದ ಯೋಜನೆಯನ್ನೇ ನಾವು ನೀರ್ಚಾಲಿನ ನಮ್ಮ ಮನೆಯಲ್ಲಿ ಮಾಡಿದ್ದೆವು. ಹೆಚ್ಚುಕಮ್ಮಿ ಇದೇ ಪಟ್ಟಿ. ಬೆಳಿಗ್ಗೆ ನೀರುದೋಸೆ, ಹನ್ನೊಂದಕ್ಕೆ ಬುಟ್ಟಿ ಹೆಣೆಯುವುದನ್ನು ನೋಡುವುದು, ಮಧ್ಯಾಹ್ನ ಬಾಳೆಎಲೆ ಊಟ, ಸಂಜೆ ಯಕ್ಷಗಾನದ ಒಂದು ತುಣುಕು. 1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶ ಅಂತ ಘೋಷಿಸಿತು, ಆಮೇಲೆ ಅಲ್ಲಿ ದೊಡ್ಡ ರೆಸಾರ್ಟ್‌ಗಳು ಎದ್ದವು. ಅಲ್ಲಿಗೆ ಬಂದವರು ಕೋಟೆ ನೋಡ್ತಾರೆ, ಹೆಚ್ಚೆಂದರೆ ಕುಂಬಳೆಯ ಹತ್ತಿರ ಅನಂತಪುರದ ಕೆರೆ ದೇವಸ್ಥಾನ ನೋಡ್ತಾರೆ, ಹೋಗ್ತಾರೆ. ಬದಿಯಡ್ಕ, ಪೆರ್ಲದ ಕಡೆ ತಿರುಗುವವರು ಕಮ್ಮಿ. ಅವರು ಕೊಡುವ ದುಡ್ಡಿನಲ್ಲಿ ಒಂದು ಪಾಲು ಒಳಗಿನ ಊರುಗಳಿಗೂ ಬರಲಿ ಅನ್ನೋದು ನಮ್ಮ ಆಸೆ. ನಿಮ್ಮದೂ ಅದೇ ಅಲ್ವಾ? ಟೂರಿಸಂನಿಂದ ಊರು ಹಾಳಾಗದಿದ್ದರೆ ಸಾಲದು, ಮೊದಲಿಗಿಂತ ಚೆನ್ನಾಗಬೇಕು ಅಂತ ಬರೆದಿದ್ದೀರಿ. ಆ ಮಾತು ನನಗೆ ತುಂಬಾ ಇಷ್ಟ ಆಯ್ತು. ಅದಕ್ಕೇ ಇಷ್ಟು ಉದ್ದ ಬರೀತಿರೋದು.

ನಮ್ಮ ಕಡೆ ಬುಟ್ಟಿ ಹೆಣೆಯುವವರು ಕೊರಗ ಸಮುದಾಯದವರು. ಗುಡ್ಡೆಯ ಪೊದೆಗಳಲ್ಲಿ ಬೆಳೆಯುವ ಬೀಳು (ಕಾಡುಬಳ್ಳಿ) ತಂದು, ಸೀಳಿ, ಹೆರೆದು, ತೋಟದಲ್ಲಿ ಹೊರುವ ದೊಡ್ಡ ಬುಟ್ಟಿ ಹೆಡಗೆ, ಕುಕ್ಕೆ, ಗೆರಸೆ, ಅನ್ನ ಬಸಿಯುವ ಸಿಬ್ಬಲು ಮಾಡ್ತಾರೆ. ಒಬ್ಬ ಹಿರಿಯ ಹೆಂಗಸನ್ನು ಶನಿವಾರ, ಭಾನುವಾರ ನಮ್ಮಲ್ಲಿಗೆ ಬರಲು ಕೇಳಿಕೊಂಡೆವು. ಬುಟ್ಟಿ ಮಾರಿದರೆ ಸಿಗುವುದಕ್ಕಿಂತ ಜಾಸ್ತಿಯೇ ದಿನಗೂಲಿ ಕೊಟ್ಟೆವು. ಇದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. ನನಗೂ ತುಂಬಾ ಕಾಲ ಗೊತ್ತಾಗಲಿಲ್ಲ.

ಬಂದವರಿಗೆ ಬೇಕಾದ್ದು ಶುರು ನೋಡುವುದು. ನೆಲದಲ್ಲಿ ಕಡ್ಡಿಗಳನ್ನು ಅಡ್ಡ ಉದ್ದ ಇಟ್ಟು, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಮೊದಲ ಬೀಳನ್ನು ಸುತ್ತ ಎಳೆದುಕೊಳ್ಳುವಾಗ ಎಲ್ಲರೂ ಫೋನ್ ಹಿಡಿದು ನಿಲ್ತಾರೆ. ಬುಟ್ಟಿ ಒಂದು ಗೇಣು ಎತ್ತರಕ್ಕೆ ಬರುವಷ್ಟರಲ್ಲಿ ಅವರಿಗೆ ಸಾಕಾಗ್ತದೆ. ಆಮೇಲೆ ಇನ್ನೊಂದು ಗುಂಪು ಬರ್ತದೆ, ಅವರಿಗೂ ಶುರುವೇ ಬೇಕು. ಹೆಣೆಯುವವರು ಕೈಯಲ್ಲಿದ್ದುದನ್ನು ಬದಿಗಿಟ್ಟು ಹೊಸತು ಶುರು ಮಾಡುವರು. ಹಾಗೆ ನಮ್ಮ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಬುಡ ಮಾತ್ರ ಇರುವ ಬುಟ್ಟಿಗಳ ರಾಶಿ ಬಿತ್ತು. ಒಣಗಿದ ಬೀಳು ಮತ್ತೆ ಬಾಗುವುದಿಲ್ಲ. ನೆನೆಸಿ ಮುಂದುವರಿಸಲು ಹೋದರೆ ಮುರೀತದೆ.

ಇಷ್ಟೇ ಆಗಿದ್ದರೆ ಬೀಳಿನ ನಷ್ಟ ಅಂತ ಬಿಡಬಹುದಿತ್ತು. ಆದರೆ ಅದೇ ಹೊತ್ತಿಗೆ ತೋಟಗಳಲ್ಲಿ ಅಡಿಕೆ ಕೊಯ್ಲು. ಪ್ರತಿ ವರ್ಷ ಅವರ ಕೈಯಿಂದ ಹೆಡಗೆ ತಗೊಳ್ಳುತ್ತಿದ್ದ ನೆರೆಕರೆಯವರಿಗೆ ಹೆಡಗೆ ಸಿಗಲಿಲ್ಲ. ಕೊಯ್ಲು ಯಾರಿಗೂ ಕಾಯುವುದಿಲ್ಲ. ಬದಿಯಡ್ಕ ಪೇಟೆಗೆ ಹೋಗಿ ಪ್ಲಾಸ್ಟಿಕ್ ಬುಟ್ಟಿ ತಂದರು. ಬೀಳಿನ ಹೆಡಗೆ ಒಂದೆರಡು ಕೊಯ್ಲಿಗೆ ಸವೆಯುತ್ತದೆ, ಆಗ ಇನ್ನೊಂದು ಬೇಕಾಗುತ್ತದೆ. ಹೆಣೆಯುವವರ ಹೊಟ್ಟೆ ತುಂಬುತ್ತಿದ್ದದ್ದೇ ಆ ಸವೆತದಿಂದ. ಪ್ಲಾಸ್ಟಿಕ್ ವರ್ಷಗಟ್ಟಲೆ ಬರ್ತದೆ. ಹಾಗಾಗಿ ಆ ಒಂದು ಕೊಯ್ಲಿನಲ್ಲಿ ಕೈತಪ್ಪಿದ ಗಿರಾಕಿ ಮುಂದಿನ ಕೊಯ್ಲಿಗೆ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಮಳೆ ಹಿಡಿಯಿತು, ನಮ್ಮ ಅತಿಥಿಗಳೂ ನಿಂತರು. ಹೆಣೆಯುವವರಿಗೆ ಈಗ ನಮ್ಮ ದಿನಗೂಲಿಯೂ ಇಲ್ಲ, ಹೆಡಗೆಯ ಗಿರಾಕಿಯೂ ಇಲ್ಲ. ಬೀಳು ತರುತ್ತಿದ್ದ ಮಗ ಗೋಡೆ ಸಾರಣೆ ಕೆಲಸಕ್ಕೆ ಹೋದ. ಜೊತೆಯಲ್ಲಿ ಕೂತು ಕಲಿಯುತ್ತಿದ್ದ ಸೊಸೆಗೆ ಬುಡ ಹಾಕಲು ಚೆನ್ನಾಗಿ ಬರ್ತದೆ, ಬಾಯಿ ಕಟ್ಟಲು ಬರುವುದಿಲ್ಲ. ಹೆಡಗೆಯ ಬಾಯಿ ಮಡಚಿ ಬಿಗಿಯುವುದೇ ಕಷ್ಟದ ಕೆಲಸ. ಹೊತ್ತುಕೊಂಡಾಗ ಭಾರ ಬೀಳುವುದು ಅಲ್ಲಿಗೆ. ನಮ್ಮ ಅಂಗಳದಲ್ಲಿ ಬಾಯಿ ಕಟ್ಟುವ ತನಕ ಒಂದು ಬುಟ್ಟಿಯೂ ಹೋಗಲಿಲ್ಲವಲ್ಲ, ಅವಳು ನೋಡುವುದಾದರೂ ಎಲ್ಲಿಂದ?

ದುಡ್ಡು ಕೊಟ್ಟದ್ದು ತಪ್ಪಲ್ಲ. ಬುಟ್ಟಿಗೆ ಕೊಡಬೇಕಾದ ದುಡ್ಡನ್ನು ಬುಟ್ಟಿ ಹೆಣೆಯುವುದನ್ನು ತೋರಿಸುವುದಕ್ಕೆ ಕೊಟ್ಟದ್ದು ತಪ್ಪು. ಇನ್ನೊಂದು ಮಾತೂ ಇದೆ. ಕೊರಗರನ್ನು ಅಂಗಳದಿಂದಾಚೆ ನಿಲ್ಲಿಸಿದ ಚರಿತ್ರೆ ಇರುವ ಸೀಮೆ ನಮ್ಮದು. ಅಂಥಲ್ಲಿ ಅವರನ್ನು ನಡು ಅಂಗಳದಲ್ಲಿ ಕೂರಿಸಿ ಸುತ್ತ ಜನ ನಿಂತು ನೋಡುವ ಹಾಗೆ ಮಾಡಿದೆವು. ಅದು ಗೌರವ ಅಂತ ಆಗ ಅನಿಸಿತ್ತು. ಈಗ ಹಾಗನಿಸುವುದಿಲ್ಲ.

ಈಗ ನಾವು ಮಾಡುವುದು ಬೇರೆ. ಮೊದಲು ಊರಿನ ಗಿರಾಕಿ. ಚೌತಿಯ ಹೊತ್ತಿಗೇ ನೆರೆಕರೆಯ ತೋಟದವರಿಂದ ಯಾರಿಗೆ ಎಷ್ಟು ಹೆಡಗೆ ಬೇಕು ಅಂತ ಬರೆಸಿಕೊಳ್ತೇವೆ. ದೇವಸ್ಥಾನದ ಅಡುಗೆಮನೆಗೆ ಸಿಬ್ಬಲು, ಗೆರಸೆ ಬೇಕಾಗ್ತದೆ, ಅದನ್ನೂ ಸೇರಿಸ್ತೇವೆ. ಬೆಲೆ ಮೊದಲೇ ಮಾತಾಡಿ ಮುಂಗಡ ಕೊಡ್ತೇವೆ. ಇದು ನಮ್ಮ ತಲೆಯಿಂದ ಬಂದದ್ದಲ್ಲ. 2008ರಲ್ಲಿ ಕುಮರಗಂನಲ್ಲಿ ಜವಾಬ್ದಾರಿ ಪ್ರವಾಸೋದ್ಯಮ ಶುರುವಾದಾಗ, ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ಬೆಳೆದ ತರಕಾರಿಯನ್ನು ಅಲ್ಲಿನ ಹೋಟೆಲುಗಳು ಕೊಳ್ಳುವ ಏರ್ಪಾಡು ಆಯಿತು. ಮಾರಾಟ ಆಗಿಯೇ ಆಗ್ತದೆ ಅಂತ ಮೊದಲೇ ಗೊತ್ತಿದ್ದರೆ ಬೆಳೆಯುವವರಿಗೆ ಧೈರ್ಯ ಬರ್ತದೆ. ಪ್ಲಾಸ್ಟಿಕ್ ತಂದವರಲ್ಲಿ ಎಲ್ಲರೂ ವಾಪಸ್ ಬಂದಿಲ್ಲ, ಕೆಲವರು ಬಂದಿದ್ದಾರೆ. ಅತಿಥಿಗಳಿಗೆ ನೋಡಬೇಕು ಅನಿಸಿದರೆ ಹೆಣೆಯುವವರಿಗೆ ಮೊದಲು ಫೋನ್ ಮಾಡಿ ಕೇಳ್ತೇವೆ. ಅವರು ಬನ್ನಿ ಅಂದರೆ ಅವರ ಮನೆಗೆ ಹೋಗುವುದು. ಬುಟ್ಟಿ ಯಾವ ಹಂತದಲ್ಲಿದೆಯೋ ಅದನ್ನೇ ನೋಡುವುದು. ಬೇಕಿದ್ದರೆ ಪೂರ್ತಿ ಬೆಲೆ ಕೊಟ್ಟು ಬುಟ್ಟಿ ತಗೊಳ್ಳುವುದು, ಚೌಕಾಸಿ ಇಲ್ಲ.

ಸೀರೆಗೂ ಇದೇ ಮಾತು. ಕಾಸರಗೋಡು ಸೀರೆ ಮನೆಯಲ್ಲಿ ಇಟ್ಟು ಮಾರ್ತೇನೆ ಅಂದಿರಿ. ಬೇಡ. ವಿದ್ಯಾನಗರದಲ್ಲಿ ನೇಕಾರರ ಸಹಕಾರಿ ಸಂಘ ಇದೆ, 1938ರಿಂದ. ಸೀರೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. ಜನರನ್ನು ಅಲ್ಲಿಗೆ ಕಳಿಸಿ, ನಡುವೆ ನಿಮ್ಮ ಕಮಿಷನ್ ಇಡಬೇಡಿ. ಯಕ್ಷಗಾನದ ತುಣುಕು ಆಡಿಸುವುದನ್ನು ನಾವು ನಿಲ್ಲಿಸಿಬಿಟ್ಟೆವು. ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ತನಕ ಸುತ್ತಮುತ್ತ ಎಲ್ಲಾದರೂ ಆಟ ಇದ್ದೇ ಇರ್ತದೆ. ಗದ್ದೆಯಲ್ಲಿ ಊರವರ ಜೊತೆ ಕೂತು ನೋಡಲಿ. ನಿದ್ದೆ ಬಂದರೆ ಎದ್ದು ಬರಲಿ. ಸತ್ಯನಾರಾಯಣ ಬೆಳೇರಿಯವರ ಭತ್ತ ನೋಡಲು ಕರ್ಕೊಂಡು ಹೋಗುವ ಯೋಚನೆ ಇದೆಯಲ್ಲ, ಅದಕ್ಕೂ ನನ್ನ ಒಪ್ಪಿಗೆ ಇಲ್ಲ. ಅವರು 650ಕ್ಕೂ ಜಾಸ್ತಿ ತಳಿ ಉಳಿಸಿದವರು, 2024ರಲ್ಲಿ ಪದ್ಮಶ್ರೀ ಬಂದವರು. ವಾರ ವಾರ ವ್ಯಾನ್ ನಿಲ್ಲಿಸಿದರೆ ಯಾರಿಗಾದರೂ ಕೃಷಿ ಮಾಡಲಿಕ್ಕಾಗ್ತದಾ? ಊರಲ್ಲಿ ಇನ್ನೂ ಗದ್ದೆ ಬಿಡದೆ ಬೇಸಾಯ ಮಾಡುವ ಒಂದು ಮನೆ ಹುಡುಕಿ, ವರ್ಷದ ಅಕ್ಕಿ ಅವರಿಂದಲೇ ತಗೊಳ್ಳಿ. ಗದ್ದೆ ಉಳಿಯುವುದು ಹಾಗೆ.

ಪಡ್ರೆ, ಸ್ವರ್ಗದ ಕಡೆ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಮನೆ ತೋರಿಸ್ತೀರಾ ಅಂತ ಕೇಳುವವರು ಖಂಡಿತ ಬರ್ತಾರೆ. ಇಲ್ಲ ಅಂತ ಹೇಳಿ. ಅದರ ಬಗ್ಗೆ ಗೊತ್ತಿರುವುದನ್ನು ಊಟದ ಹೊತ್ತಿಗೆ ಕೂತು ಹೇಳಬಹುದು. ಮನೆ ಬಾಗಿಲಿಗೆ ಹೋಗಿ ನಿಲ್ಲಬಾರದು.

ಇನ್ನು ನನಗೆ ತುಂಬಾ ಬೇಸರವಾದ ವಿಷಯ. ಗುಡ್ಡೆಯನ್ನು ರಬ್ಬರಿಗೆ ಲೀಸಿಗೆ ಕೊಟ್ಟು ಆ ದುಡ್ಡಿನಲ್ಲಿ ಕಾಟೇಜ್ ಕಟ್ಟುವುದು ಅಂತ ಬರೆದಿದ್ದೀರಿ. ರಬ್ಬರಿಗೆ ಕೊಟ್ಟರೆ ಮೊದಲು ಜೆಸಿಬಿ ಬರ್ತದೆ, ಪೊದೆ ಎಲ್ಲಾ ತೆಗೆದು ಮೆಟ್ಟಿಲು ಮೆಟ್ಟಿಲು ಮಾಡ್ತಾರೆ. ಬೀಳು ಹೋಯಿತು, ಕಾಟುಮಾವಿನ ಮರ ಹೋಯಿತು, ತೋಟಕ್ಕೆ ಹಾಕುವ ಸೊಪ್ಪು ಹೋಯಿತು. ನಿಮ್ಮ ಮನೆಗೆ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಅಂತ ನೀವೇ ಹೇಳಿದ್ದೀರಿ. ಸುರಂಗಕ್ಕೆ ನೀರು ಬರುವುದು ಮೇಲಿನ ಗುಡ್ಡೆ ಮಳೆ ಕುಡಿದು, ಮುರಕಲ್ಲಿನ ಮೂಲಕ ನಿಧಾನ ಬಿಡುವುದರಿಂದ. ನಿಮ್ಮಲ್ಲಿಂದ ಹತ್ತಿರದ ಅಡ್ಯನಡ್ಕದಲ್ಲಿ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದ ಸುರಂಗದಿಂದ ಬೋಳುಗುಡ್ಡೆಯಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನೀರಿಗಾಗಿ ಅಷ್ಟು ಒದ್ದಾಡಿದ ಸೀಮೆಯಲ್ಲಿ ಇರುವ ಗುಡ್ಡೆಯನ್ನು ಕಳಕೊಳ್ಳಬೇಡಿ. ಅತಿಥಿಗಳು ನೋಡಿ ಮೆಚ್ಚಬೇಕು ಅಂತ ನೀವು ಬಯಸುವ ಬುಟ್ಟಿ, ಉಪ್ಪಿನಕಾಯಿ, ನೀರು ಮೂರೂ ಬರುವುದು ಅಲ್ಲಿಂದಲೇ.

ಕಾಟೇಜ್ ಒಂದೂ ಬೇಡ. ಹಳೇ ಮನೆಯಲ್ಲಿ ಮೂರು ಕೋಣೆ ಸರಿಮಾಡಿ, ಚೊಕ್ಕ ಬಚ್ಚಲು, ಕಕ್ಕಸು ಕಟ್ಟಿಸಿ. ಬೆಂಗಳೂರಲ್ಲೇ ಇದ್ದು ಮ್ಯಾನೇಜರ್ ಇಡುವುದಾದರೆ ಅದು ಹೋಮ್‌ಸ್ಟೇ ಆಗುವುದಿಲ್ಲ. ಕೇರಳ ಪ್ರವಾಸೋದ್ಯಮ ಇಲಾಖೆಯ ಸಿಲ್ವರ್, ಗೋಲ್ಡ್, ಡೈಮಂಡ್ ವರ್ಗೀಕರಣಕ್ಕೆ ಮನೆಯವರು ಆ ಮನೆಯಲ್ಲೇ ವಾಸ ಇರಬೇಕು, ಆರಕ್ಕಿಂತ ಜಾಸ್ತಿ ಕೋಣೆ ಇರಬಾರದು. ನೀವು ಬಂದು ಇರುವುದಕ್ಕಾಗದಿದ್ದರೆ, ಈಗ ಅಲ್ಲಿರುವ ನಿಮ್ಮ ದೊಡ್ಡಮ್ಮನ ಹೆಸರಲ್ಲೇ ನಡೆಯಲಿ, ಲಾಭವೂ ಅವರದ್ದಾಗಲಿ.

ಊಟದ ಪಟ್ಟಿಯಲ್ಲಿ ವರ್ಷವಿಡೀ ಪತ್ರೊಡೆ ಅಂತ ಹಾಕಿದ್ದೀರಿ. ಅದನ್ನು ತೆಗೀರಿ. ಕೆಸುವಿನ ಎಲೆ ಮಳೆಗಾಲದ್ದು. ಡಿಸೆಂಬರಿನಲ್ಲಿ ಪತ್ರೊಡೆ ಬೇಕು ಅಂದರೆ ಎಲೆ ಎಲ್ಲಿಂದಲೋ ತರಿಸಬೇಕಾಗ್ತದೆ, ದುಡ್ಡೂ ಅಲ್ಲಿಗೇ ಹೋಗ್ತದೆ. ತಿಂಗಳು ಏನು ಕೊಡ್ತದೋ ಅದನ್ನು ಬಡಿಸಿ. ಫೆಬ್ರವರಿಗೆ ಗುಜ್ಜೆ (ಎಳೆ ಹಲಸು) ಪಲ್ಯ, ಮೇಯಲ್ಲಿ ಕಾಟುಮಾವಿನ ಗೊಜ್ಜು, ಹಲಸಿನ ಹಣ್ಣಿನ ಕೊಟ್ಟಿಗೆ (ಕಡುಬು). ಬೇಸಿಗೆಯ ಗದ್ದೆಯ ಸೌತೆಯನ್ನು ಬಾಳೆಹಗ್ಗದಲ್ಲಿ ಕಟ್ಟಿ ಅಟ್ಟದ ಜಂತಿಗೆ ಸಾಲಾಗಿ ತೂಗಿಸಿದರೆ ಮಳೆಗಾಲದ ತನಕ ಕೊದಿಲಿಗೆ (ಸಾಂಬಾರಿಗೆ) ಆಗ್ತದೆ.

ಮೊದಲ ಅತಿಥಿಗಳನ್ನು ಡಿಸೆಂಬರಿಗೆ ಕರೀಬೇಡಿ, ಜೋರು ಮಳೆಯ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಕರೀರಿ. ಊರಲ್ಲಿ ಕೆಲಸ ಕಮ್ಮಿ ಇರುವುದು, ಕೈಯಲ್ಲಿ ದುಡ್ಡಿಲ್ಲದಿರುವುದು ಆಗಲೇ. ಕರೆಂಟ್ ಹೋಗ್ತದೆ, ಬಟ್ಟೆ ಒಣಗುವುದಿಲ್ಲ, ಜಿಗಣೆ ಇರ್ತದೆ ಅಂತ ಫೋನಿನಲ್ಲೇ ಹೇಳಿಬಿಡಿ. ಅದನ್ನು ಕೇಳಿಯೂ ಬರ್ತೇವೆ ಅನ್ನುವವರಿಗೆ ಪತ್ರೊಡೆ, ತಗಟೆ ಸೊಪ್ಪಿನ ಪಲ್ಯ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ರೊಟ್ಟಿ, ಬಿಸಿ ಗಂಜಿ ಬಡಿಸಿ. ಸೊಪ್ಪು ಕೊಯ್ದು ತಂದುಕೊಟ್ಟ ನೆರೆಮನೆಯವರಿಗೆ ಅದೇ ದಿನ ದುಡ್ಡು ಕೊಡಿ.