ಟ್ಯಾಲಿ ಮತ್ತು ಟಿಡಿಎಸ್ ತಂತ್ರಾಂಶಗಳಿಗೆ ಡಿಫೆಂಡರ್‌ನಲ್ಲಿ ಎಷ್ಟು ಸಡಿಲಿಕೆ ಕೊಡಬಹುದು?

ತೆರಿಗೆ ಸಲಹೆಗಾರರ ಕಚೇರಿಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಕ್ಲೈಂಟ್‌ಗಳ ಪ್ಯಾನ್, ಬ್ಯಾಂಕ್ ಖಾತೆ, ಸಂಬಳದ ವಿವರಗಳಿವೆ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಆಗಾಗ ಅಡ್ಡ ಬರುತ್ತದೆಂದು ಸರ್ವಿಸ್‌ನವರು ಲೆಕ್ಕಪತ್ರ ತಂತ್ರಾಂಶ ಟ್ಯಾಲಿಯ ಫೋಲ್ಡರನ್ನೇ ಎಕ್ಸ್‌ಕ್ಲೂಷನ್‌ಗೆ (ಡಿಫೆಂಡರ್ ಸ್ಕ್ಯಾನ್ ಮಾಡದೆ ಬಿಡುವ ಪಟ್ಟಿಗೆ) ಸೇರಿಸಲು ಹೇಳಿದ್ದಾರೆ. ಸೇರಿಸಬಹುದೇ ಎಂದು ಕೇಳಿದ್ದೀರಿ. ಇಂಥ ಕಚೇರಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾದ್ದರಿಂದ ನೇರವಾಗಿ ಹೇಳುತ್ತೇನೆ: ಬೇಡ.

ಎಕ್ಸ್‌ಕ್ಲೂಷನ್ ಟ್ಯಾಲಿಗೆ ಮಾತ್ರ ಸಿಗುವ ರಿಯಾಯಿತಿಯಲ್ಲ. ಇಮೇಲ್ ಮೂಲಕ ಬಂದ ದುಷ್ಟ ಪ್ರೋಗ್ರಾಂ ಒಂದು ಆ ಫೋಲ್ಡರಿನಲ್ಲಿ ಬಂದು ಕುಳಿತರೆ ಅದನ್ನೂ ಡಿಫೆಂಡರ್ ಸ್ಕ್ಯಾನ್ ಮಾಡುವುದಿಲ್ಲ. ಅತಿ ಗೋಪ್ಯವಾದ ಮಾಹಿತಿ ಇರುವ ಜಾಗವೇ ತಪಾಸಣೆ ಇಲ್ಲದ ಜಾಗವಾಗುತ್ತದೆ.

ನಿಮಗೆ ಬೇಕಾದದ್ದು, 2017ರಲ್ಲಿ ವಿಂಡೋಸ್ 10ರ 1709ನೆಯ ಆವೃತ್ತಿಯೊಂದಿಗೆ ಬಂದ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್. ವಿಂಡೋಸ್ ಸೆಕ್ಯುರಿಟಿಯಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಂಗಳಿಂದ ರಕ್ಷಣೆ) ಎಂಬ ಪುಟದಲ್ಲಿ ಅದು ಸಿಗುತ್ತದೆ. ಗುರುತಿಸಿದ ಫೋಲ್ಡರುಗಳಲ್ಲಿ ನಂಬಿಕಸ್ಥ ಪ್ರೋಗ್ರಾಂಗಳು ಮಾತ್ರ ಫೈಲುಗಳನ್ನು ಬದಲಿಸಬಹುದು, ಉಳಿದವಕ್ಕೆ ತಡೆ. (ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದು, ಡಿಫೆಂಡರ್ ಹಿಂದೆ ಸರಿದಿದ್ದರೆ ಇದು ಕೆಲಸ ಮಾಡುವುದಿಲ್ಲ.) ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳು ತಾವಾಗಿಯೇ ರಕ್ಷಣೆಗೆ ಒಳಪಡುತ್ತವೆಯಾದರೂ, ಟ್ಯಾಲಿಪ್ರೈಮ್‌ನ ಡೇಟಾ ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್, ಅದರೊಳಗಿನ ಪಬ್ಲಿಕ್ ಫೋಲ್ಡರಿನಡಿ ತನ್ನದೇ ಫೋಲ್ಡರಿನಲ್ಲಿರುವುದರಿಂದ ಅದನ್ನು ನೀವೇ ಪಟ್ಟಿಗೆ ಸೇರಿಸಬೇಕು. ಬಹಳಷ್ಟು ಕಚೇರಿಗಳಲ್ಲಿ ಈ ರಕ್ಷಣೆಯ ಸ್ವಿಚ್ ಆನ್ ಆಗಿರುತ್ತದೆ, ಡೇಟಾ ಮಾತ್ರ ಹೊರಗೇ ಉಳಿದಿರುತ್ತದೆ.

ಮೊದಲ ದಿನವೇ ತಡೆ ಹಾಕಬೇಡಿ. ವಿಂಡೋಸ್‌ಗೆ ಆದೇಶ ಟೈಪ್ ಮಾಡುವ ಪವರ್‌ಶೆಲ್ ಮೂಲಕ ಇದನ್ನು ಆಡಿಟ್ ಮೋಡ್‌ನಲ್ಲಿಡಬಹುದು. ಆಗ ಏನನ್ನೂ ತಡೆಯದೆ, ತಡೆಯಬಹುದಾಗಿದ್ದುದನ್ನು ವಿಂಡೋಸ್‌ನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್‌ನಲ್ಲಿ 1124 ಎಂಬ ಸಂಖ್ಯೆಯಡಿ ದಾಖಲಿಸುತ್ತದೆ (ನಿಜವಾಗಿ ತಡೆದದ್ದಕ್ಕೆ 1123). 7ನೇ ತಾರೀಖಿನ ಟಿಡಿಎಸ್ ಪಾವತಿ, 20ರ ಜಿಎಸ್‌ಟಿಆರ್-3ಬಿ (ಜಿಎಸ್‌ಟಿ ರಿಟರ್ನ್) ಎರಡೂ ಮುಗಿಯುವವರೆಗೆ ಕಾಯಿರಿ, ಏಕೆಂದರೆ ಅಪರೂಪಕ್ಕೆ ತೆರೆಯುವ ತಂತ್ರಾಂಶಗಳು ಆಗಲೇ ಹೊರಬರುತ್ತವೆ. ಆ ದಾಖಲೆ ನೋಡಿ, ನಿಜಕ್ಕೂ ಬೇಕಾದ ಪ್ರೋಗ್ರಾಂಗಳಿಗೆ ಮಾತ್ರ ಅನುಮತಿ ಕೊಡಿ. ಅನುಮತಿ ಕೊಟ್ಟ ಮೇಲೆ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಬೇಕು. ಟ್ಯಾಲಿಯ ಹೊಸ ಆವೃತ್ತಿಯನ್ನು ಬೇರೆ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಿದರೆ ಹಳೆಯ ಅನುಮತಿ ಅನ್ವಯಿಸುವುದಿಲ್ಲ.

ತೊಡಕಿರುವುದು ಟಿಡಿಎಸ್‌ನ ಆರ್‌ಪಿಯು (ರಿಟರ್ನ್ ತಯಾರಿಸುವುದು), ಎಫ್‌ವಿಯು (ಆ ಫೈಲನ್ನು ಪರಿಶೀಲಿಸುವುದು) ತಂತ್ರಾಂಶಗಳಲ್ಲಿ. ಇವು ಜಾವಾದಲ್ಲಿ ನಡೆಯುವುದರಿಂದ ಡಿಫೆಂಡರ್‌ಗೆ ಕಾಣುವ ಪ್ರೋಗ್ರಾಂ ಜಾವಾ ಮಾತ್ರ. ಜಾವಾಗೆ ಅನುಮತಿ ಕೊಟ್ಟರೆ ಎಲ್ಲಿಂದಲೋ ಬಂದ ಇನ್ನೊಂದು ಜಾವಾ ಫೈಲಿಗೂ ಅದೇ ಬಾಗಿಲು ತೆರೆಯುತ್ತದೆ. ಹೀಗಾಗಿ ರಿಟರ್ನ್ ತಯಾರಿಸಲು ರಕ್ಷಣೆಯಿಲ್ಲದ ಪ್ರತ್ಯೇಕ ಫೋಲ್ಡರ್ ಇಟ್ಟುಕೊಂಡು, ಫೈಲಿಂಗ್ ಮುಗಿದೊಡನೆ ಫೈಲುಗಳನ್ನು ಎಕ್ಸ್‌ಪ್ಲೋರರ್‌ನಲ್ಲಿ ರಕ್ಷಿತ ಫೋಲ್ಡರಿಗೆ ಸಾಗಿಸುವುದು ವಾಸಿ. ಸ್ವಲ್ಪ ರೇಜಿಗೆಯ ಕೆಲಸ, ನಿಜ.

ಆದರೆ ಈ ವ್ಯವಸ್ಥೆ ತಡೆಯುವುದು ಬದಲಾವಣೆಯನ್ನು, ಓದುವುದನ್ನಲ್ಲ. ಫೈಲನ್ನು ಕದ್ದು ನಕಲು ಮಾಡಿಕೊಳ್ಳುವ ಪ್ರೋಗ್ರಾಂಗೆ ಇದು ಅಡ್ಡಿಯೇ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದಿದ್ದರೆ ಗರಿಷ್ಠ 250 ಕೋಟಿ ರೂಪಾಯಿವರೆಗೆ ದಂಡ ಹೇಳುವುದರಿಂದ ಸೋರಿಕೆಯ ಕಡೆಯನ್ನೂ ಬಿಡುವಂತಿಲ್ಲ. ಸಿಬ್ಬಂದಿಗೆ ಅಡ್ಮಿನ್ ಅಲ್ಲದ ಖಾತೆ ಕೊಡಿ. ಆಗ ಅನುಮತಿ ಪಟ್ಟಿಯನ್ನು ಅವರು ತಿದ್ದಲಾಗುವುದಿಲ್ಲ. ಟ್ಯಾಲಿ ಡೇಟಾಕ್ಕೆ ಟ್ಯಾಲಿವಾಲ್ಟ್ (ಟ್ಯಾಲಿಯದೇ ಪಾಸ್‌ವರ್ಡ್ ಬೀಗ) ಹಾಕಿದರೆ ನಕಲು ಕೈಸೇರಿದವರಿಗೂ ಪಾಸ್‌ವರ್ಡ್ ಇಲ್ಲದೆ ತೆರೆಯಲಾಗದು. ಆ ಪಾಸ್‌ವರ್ಡ್ ಮರೆತರೆ ನಿಮಗೂ ಡೇಟಾ ಸಿಗುವುದಿಲ್ಲವಾದ್ದರಿಂದ ಅದನ್ನು ಕಾಗದದ ಮೇಲೆ ಬರೆದು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಡಿ. ಡೆಸ್ಕ್‌ಟಾಪಿನ ನೋಟ್‌ಪ್ಯಾಡ್ ಫೈಲಿನಲ್ಲಿ ಬೇಡ.